ಇ1 ಚೀಟಿ ಇದ್ದರೂ ಕಣ್ಣು ಉರಿಯೋದೇಕೆ?

ಓದುಗರ ಪತ್ರ: ನಮ್ಮದು ಚಿಕ್ಕಮಗಳೂರು. ಜನವರಿಯಲ್ಲಿ ಹೊಸ ಮನೆಯ ಮರಗೆಲಸ ಮುಗಿಯಿತು. ಮಗಳ ಕೋಣೆ 10 ಅಡಿಗೆ 12 ಅಡಿ. ಅದಕ್ಕೆ ಗೋಡೆ ತುಂಬಾ ವಾರ್ಡ್‌ರೋಬ್, ಸ್ಟೋರೇಜ್ ಇರುವ ಮಂಚ, ಓದುವ ಮೇಜು. ಎಲ್ಲಾ ಪಾರ್ಟಿಕಲ್ ಬೋರ್ಡ್. ಏಪ್ರಿಲ್ ಹೊತ್ತಿಗೆ ವಾಸನೆ ಹೋಗಿತ್ತು. ಮಳೆ ಹಿಡಿದ ಮೇಲೆ ಮತ್ತೆ ಶುರುವಾಗಿದೆ. ವಾರ್ಡ್‌ರೋಬ್ ಬಾಗಿಲು ತೆಗೆದರೆ ಕಣ್ಣು ಚುರುಚುರು ಅನ್ನುತ್ತದೆ. ಕಾರ್ಪೆಂಟರ್ 'ಗಾಳಿ ಆಡಿದ್ರೆ ಹೋಗುತ್ತೆ ಮೇಡಂ' ಅಂತಾರೆ. ಅಂಗಡಿಯವರು ಲ್ಯಾಬ್ ರಿಪೋರ್ಟ್ ತೋರಿಸಿ 'ಇ1 ಬೋರ್ಡು, ಪಾಸಾಗಿದೆ' ಅಂತಾರೆ. ನಾನು ಆನ್‌ಲೈನ್‌ನಲ್ಲಿ ಗಾಳಿ ಅಳೆಯುವ ಒಂದು ಮೀಟರ್ ತರಿಸಿದೆ. ಅದು ಊದುಬತ್ತಿ ಹಚ್ಚಿದರೂ ಕೆಂಪಗಾಗುತ್ತದೆ. ಯಾರನ್ನು ನಂಬಲಿ? ಇದನ್ನೆಲ್ಲಾ ಕಿತ್ತು ಹಾಕಬೇಕಾ?
- ಒಬ್ಬ ಓದುಗರು, ಚಿಕ್ಕಮಗಳೂರು

ಸಂಪಾದಕರ ಉತ್ತರ:

ರಿಪೋರ್ಟನ್ನೂ ನಂಬಿ, ನಿಮ್ಮ ಕಣ್ಣನ್ನೂ ನಂಬಿ. ಎರಡೂ ನಿಜವೇ ಹೇಳುತ್ತಿರಬಹುದು. ಇ1 ಅಂದರೆ, ಬೋರ್ಡಿನಿಂದ ಬರುವ ಫಾರ್ಮಾಲ್ಡಿಹೈಡ್ ಎಂಬ ಕಣ್ಣುರಿಸುವ ಅನಿಲ ಒಂದು ಮಿತಿಯೊಳಗಿದೆ ಅನ್ನುವ ದರ್ಜೆ. ಲ್ಯಾಬ್‌ನವರು ಪರೀಕ್ಷೆ ಮಾಡಿದ್ದು ಬೋರ್ಡಿನ ಒಂದು ತುಂಡನ್ನು. ನಿಮ್ಮ ಮಗಳು ಮಲಗುವುದು ಒಂದು ಕೋಣೆಯಲ್ಲಿ. ತುಂಡು ಪಾಸಾದ ಮಾತ್ರಕ್ಕೆ ಕೋಣೆ ಪಾಸಾಗುವುದಿಲ್ಲ. ಮೀಟರ್ ವಿಷಯಕ್ಕೆ ಆಮೇಲೆ ಬರುತ್ತೇವೆ, ಅದನ್ನು ಮಾತ್ರ ಸದ್ಯಕ್ಕೆ ಒಳಗಿಡಿ.

ಮೊದಲು ಕಾರ್ಪೆಂಟರ್ ಮಾತು. ಅವರು ಹೇಳಿದ್ದು ಅರ್ಧ ಸರಿ. ಹೊಸ ಮನೆಯಲ್ಲಿ ಎರಡು ಥರದ ವಾಸನೆ ಇರುತ್ತದೆ. ಒಂದು ಥಿನ್ನರ್, ಪೇಂಟ್, ಪಾಲಿಶ್, ಮೈಕಾ ಅಂಟಿಸುವ ಗಮ್ ಇವುಗಳದ್ದು. ಇವು ಒಣಗುವಾಗ ಜೋರಾಗಿ ಹೊಡೆದು ಕೆಲವು ವಾರಗಳಲ್ಲಿ ಬಹುಪಾಲು ಹೋಗಿಬಿಡುತ್ತವೆ. ಏಪ್ರಿಲ್‌ನಲ್ಲಿ ನಿಮ್ಮ ಮನೆಯಿಂದ ಹೋಗಿದ್ದು ಇದೇ ಇರಬೇಕು. ಇನ್ನೊಂದು ಫಾರ್ಮಾಲ್ಡಿಹೈಡ್. ಅದರ ದಾರಿಯೇ ಬೇರೆ.

ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರಿಗೆ ಅಂಟು ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಹೆಚ್ಚಿನವಕ್ಕೆ ಹಾಕುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣವೂ ಬಿಡುವುದಿಲ್ಲ. ಆದರೆ ಇದಕ್ಕೆ ನೀರು ಅಂದರೆ ಆಗುವುದಿಲ್ಲ. ಗಾಳಿಯ ತೇವಕ್ಕೂ ಅಂಟಿನ ಕೊಂಡಿ ನಿಧಾನವಾಗಿ ಕಳಚುತ್ತದೆ. ಕಳಚಿದಾಗ ಫಾರ್ಮಾಲ್ಡಿಹೈಡ್ ಹೊರಗೆ ಬರುತ್ತದೆ. ಹಾಗಾಗಿ ಇದು ಒಮ್ಮೆ ಒಣಗಿ ಮುಗಿಯುವ ಕಥೆಯಲ್ಲ. ಕಡಿಮೆಯಾಗುತ್ತಾ ಹೋದರೂ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬರುತ್ತಲೇ ಇರುತ್ತದೆ. ವಾಟರ್‌ಪ್ರೂಫ್ ಪ್ಲೈವುಡ್‌ಗೆ ಹಾಕುವ ಫೀನಾಲ್ ಅಂಟು ತೇವಕ್ಕೆ ಇಷ್ಟು ಸುಲಭವಾಗಿ ಬಿಡುವುದಿಲ್ಲ. ಅದು ಬಿಡುವ ಅನಿಲವೂ ತುಂಬಾ ಕಡಿಮೆ.

ಈಗ ಆ ರಿಪೋರ್ಟ್ ಹೇಗೆ ಹುಟ್ಟುತ್ತದೆ ನೋಡಿ. ಯುರೋಪಿನ ಇಎನ್ 717-1 ಎಂಬ ವಿಧಾನವನ್ನೇ ತೆಗೆದುಕೊಳ್ಳೋಣ, 'ಇ1' ದರ್ಜೆಗೆ ಆಧಾರ ಅದು. ಬೋರ್ಡಿನಿಂದ ಅಳತೆಯ ತುಂಡುಗಳನ್ನು ಕತ್ತರಿಸುತ್ತಾರೆ. ಕೊಯ್ದ ಅಂಚಿನಲ್ಲಿ ಒಂದಿಷ್ಟು ಭಾಗ ಬಿಟ್ಟು ಉಳಿದ ಅಂಚಿಗೆ ಅನಿಲ ದಾಟದ ಟೇಪ್ ಅಂಟಿಸುತ್ತಾರೆ. ಒಳಗೋಡೆಗೆ ಏನೂ ಅಂಟಿಕೊಳ್ಳದಂಥ ಸ್ಟೀಲ್ ಅಥವಾ ಗಾಜಿನ ಪೆಟ್ಟಿಗೆಯೊಳಗೆ ಅವನ್ನು ನಿಲ್ಲಿಸುತ್ತಾರೆ. ಪೆಟ್ಟಿಗೆ 225 ಲೀಟರಿನದ್ದೂ ಇರಬಹುದು, ಕೋಣೆಯಷ್ಟು ದೊಡ್ಡದೂ ಇರಬಹುದು. ಒಳಗೆ 23 ಡಿಗ್ರಿ ಬಿಸಿ, ಶೇಕಡಾ 45 ತೇವಾಂಶ. ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಗುವಷ್ಟು ಶುದ್ಧ ಗಾಳಿ ಹಾಯಿಸುತ್ತಾರೆ. ಪ್ರತಿ ಘನ ಮೀಟರ್ ಜಾಗಕ್ಕೆ 1 ಚದರ ಮೀಟರ್ ಬೋರ್ಡು. ಹೊರಬರುವ ಗಾಳಿಯನ್ನು ನೀರಿನಲ್ಲಿ ಗುಳುಗುಳು ಹಾಯಿಸಿದರೆ ಫಾರ್ಮಾಲ್ಡಿಹೈಡ್ ನೀರಿನಲ್ಲಿ ಉಳಿಯುತ್ತದೆ. ಆ ನೀರಿಗೆ ಅಸಿಟೈಲ್ ಅಸಿಟೋನ್ ಮತ್ತು ಅಮೋನಿಯಂ ಅಸಿಟೇಟ್ ಸೇರಿಸಿ ಬೆಚ್ಚಗೆ ಮಾಡಿದರೆ ಹಳದಿ ಬಣ್ಣ ಏಳುತ್ತದೆ. ಫಾರ್ಮಾಲ್ಡಿಹೈಡ್ ಎಷ್ಟಿದೆಯೋ ಅಷ್ಟು ಗಾಢ ಹಳದಿ. 412 ನ್ಯಾನೋಮೀಟರ್ ಬೆಳಕು ಬಿಟ್ಟು ಆ ಗಾಢತೆಯನ್ನು ಅಳೆಯುತ್ತಾರೆ. ಅಂಕಿ ಒಂದು ಕಡೆ ನಿಲ್ಲುವವರೆಗೆ, ಹೆಚ್ಚೆಂದರೆ 28 ದಿನ, ಇದೇ ಕೆಲಸ. ಕೊನೆಗೆ ಘನ ಮೀಟರ್‌ಗೆ 0.124 ಮಿಲಿಗ್ರಾಂ ದಾಟದಿದ್ದರೆ ಅದು ಇ1.

ಪೇಂಟ್, ಗಮ್ ಮುಂತಾದವುಗಳ ಬೇರೆ ಅನಿಲಗಳನ್ನು ಹಿಡಿಯುವ ಕ್ರಮವೂ ಹೆಚ್ಚುಕಡಿಮೆ ಇದೇ. ನೀರಿನ ಬದಲು ಟೆನಾಕ್ಸ್ ಎಂಬ ಪುಡಿ ತುಂಬಿದ ಕೊಳವೆಯಲ್ಲಿ ಗಾಳಿ ಎಳೆಯುತ್ತಾರೆ. ಆಮೇಲೆ ಕೊಳವೆ ಕಾಯಿಸಿ, ಬಂದದ್ದನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಲ್ಲಿ ಒಂದೊಂದಾಗಿ ಬೇರ್ಪಡಿಸಿ ಗುರುತಿಸುತ್ತಾರೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಎರಡು ಕಂಪನಿಯ ಬೋರ್ಡನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕಲ್ಲ, ಅದಕ್ಕೆ. ಅದಕ್ಕಿಂತ ಜಾಸ್ತಿ ಅರ್ಥ ಅದರಲ್ಲಿ ಹುಡುಕಬಾರದು. ಕಂಪನಿ ಹೇಳುವ ಮೈಲೇಜು ಚಾರ್ಮಾಡಿ ಘಾಟಿಯಲ್ಲಿ ಸಿಗುತ್ತದೆಯೇ?

ನಿಮ್ಮ ಕೋಣೆಯ ಲೆಕ್ಕ ಹಾಕೋಣ. 10 ಅಡಿ ಎತ್ತರ ಅಂದುಕೊಂಡರೆ ಒಳಗಿನ ಜಾಗ ಸುಮಾರು 34 ಘನ ಮೀಟರ್. ಇನ್ನು ಬೋರ್ಡು. ಬಾಗಿಲು, ಹಿಂಬದಿ, ಪಕ್ಕ, ನಡುವಿನ ಅಡ್ಡಗೋಡೆ, ಶೆಲ್ಫ್, ಪ್ರತಿಯೊಂದಕ್ಕೂ ಎರಡೆರಡು ಮುಖ. 10 ಅಡಿ ಅಗಲ, 8 ಅಡಿ ಎತ್ತರ, 2 ಅಡಿ ಆಳದ ವಾರ್ಡ್‌ರೋಬ್ ಅಂದರೆ ಎಲ್ಲಾ ಕೂಡಿಸಿ 600 ಚದರ ಅಡಿ ಆರಾಮಾಗಿ ದಾಟುತ್ತದೆ. ಅಂದರೆ 55 ಚದರ ಮೀಟರಿಗೂ ಮೇಲೆ. ಮಂಚ, ಮೇಜು ಬಿಟ್ಟೇ ಇಷ್ಟು! ಪೆಟ್ಟಿಗೆಯಲ್ಲಿ ಘನ ಮೀಟರ್‌ಗೆ 1 ಇದ್ದದ್ದು ಮಗಳ ಕೋಣೆಯಲ್ಲಿ ಒಂದೂವರೆಗೂ ಜಾಸ್ತಿ. ಮೈಕಾ ಹಾಕಿದ ಮುಖದಿಂದ ಅನಿಲ ಅಷ್ಟಾಗಿ ಬರುವುದಿಲ್ಲ ಅನ್ನುವುದು ನಿಜ. ಆದರೆ ಕಾಣದ ಕಡೆ ಮೈಕಾ ಹಾಕಿಸುವವರು ಎಷ್ಟು ಜನ?

ಮುಂದೆ ಗಾಳಿ. ಹಳೆಯ ಹಂಚಿನ ಮನೆಗಳಲ್ಲಿ ಹಂಚಿನ ಸಂದಿಯಲ್ಲೇ ಗಾಳಿ ಹೋಗಿ ಬರುತ್ತಿತ್ತು. ಈಗಿನದ್ದು ಆರ್‌ಸಿಸಿ ತಾರಸಿ, ರಬ್ಬರ್ ಪಟ್ಟಿ ಇರುವ ಕಿಟಕಿ. ಮಲೆನಾಡಿನ ಮಳೆಗೆ ಅದನ್ನೂ ಮುಚ್ಚಿ ಚಿಲಕ ಹಾಕಿದರೆ ಗಂಟೆಗೆ ಕಾಲು ಭಾಗ ಗಾಳಿ ಬದಲಾದರೂ ದೊಡ್ಡದು. ತೇವಾಂಶ ಪೆಟ್ಟಿಗೆಯಲ್ಲಿ ಶೇಕಡಾ 45, ನಿಮ್ಮಲ್ಲಿ ಆಷಾಢದ ರಾತ್ರಿ 90ರ ಆಸುಪಾಸು. ನಿಮ್ಮ ಪಾಲಿಗೆ ಇರುವುದು ತಂಪೊಂದೇ, ಚಳಿಯಲ್ಲಿ ಅನಿಲ ಬರುವುದು ಕಡಿಮೆ. ಏಪ್ರಿಲ್ ಬಿಸಿಲಲ್ಲಿ ಬೋರ್ಡು ಬಹುಶಃ ಇನ್ನೂ ಜಾಸ್ತಿ ಬಿಡುತ್ತಿತ್ತು. ಕಿಟಕಿ ತೆರೆದಿದ್ದರಿಂದ ನಿಮಗೆ ಗೊತ್ತಾಗಲಿಲ್ಲ, ಅಷ್ಟೇ. ವಾರ್ಡ್‌ರೋಬ್ ಒಳಗಂತೂ ಗಾಳಿಯೇ ಇಲ್ಲ, ಸುತ್ತಲೂ ಬೋರ್ಡು. ಬಾಗಿಲು ತೆಗೆದ ಕೂಡಲೇ ಕಣ್ಣು ಉರಿಯುವುದು ಅದಕ್ಕೇ.

ಇನ್ನೊಂದು ಮಾತು. 0.124 ಅನ್ನುವ ಅಂಕಿ ಅಷ್ಟು ಉದಾರವಾಗಿರುವುದು ಯಾಕೆ ಅಂತ ಯುರೋಪಿನವರೇ ಕೇಳಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಹಾಕಿಕೊಟ್ಟ ಮಿತಿ 0.1 ಮಿಲಿಗ್ರಾಂ. ಅಂದರೆ ಇ1ನ ಗೆರೆಯೇ ಅದಕ್ಕಿಂತ ಮೇಲಿದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿತ್ತು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮದ ಪ್ರಕಾರ ಪೀಠೋಪಕರಣಗಳಿಗೆ ಮಿತಿ 0.062, ಜಾರಿಗೆ ದಿನ 2026ರ ಆಗಸ್ಟ್ 6. ಹಾಗಂತ ಹೆದರಬೇಡಿ. ಕ್ಯಾನ್ಸರ್ ಮಾತು ಮುಖ್ಯವಾಗಿ ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ಜಾಸ್ತಿ ಪ್ರಮಾಣ ಉಸಿರಾಡಿದವರ ಅಧ್ಯಯನದಿಂದ ಬಂದದ್ದು. ನಿಮ್ಮ ಮನೆಯಲ್ಲಿ ಸದ್ಯದ ತಕರಾರು ಕಣ್ಣು, ಮೂಗು, ಗಂಟಲಿನದ್ದು.

ಕೋಣೆ ಚಿಕ್ಕದಾಗಿ ಬೋರ್ಡು ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ ದೊಡ್ಡ ಉದಾಹರಣೆಯೇ ಇದೆ. 2005ರ ಕತ್ರಿನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಸರ್ಕಾರ ಟ್ರೇಲರ್ ಮನೆಗಳನ್ನು ಕೊಟ್ಟಿತು. ಜನ ಕಣ್ಣುರಿ, ಕೆಮ್ಮು ಅಂತ ದೂರಿದರು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2007ರ ಡಿಸೆಂಬರ್, 2008ರ ಜನವರಿಯಲ್ಲಿ 519 ಟ್ರೇಲರ್‌ಗಳ ಗಾಳಿ ಅಳೆಯಿತು. ಸರಾಸರಿ ನೂರು ಕೋಟಿಗೆ 77 ಭಾಗ, ಅಂದರೆ ಘನ ಮೀಟರ್‌ಗೆ ಸುಮಾರು 0.095 ಮಿಲಿಗ್ರಾಂ; ಕೆಲವದರಲ್ಲಿ 590 ಭಾಗದವರೆಗೆ, ಅಂದರೆ ಸುಮಾರು 0.7 ಮಿಲಿಗ್ರಾಂ. ಅಳೆದದ್ದು ಚಳಿಗಾಲದಲ್ಲಿ, ಬೇಸಿಗೆಯಲ್ಲಿ ಇನ್ನೂ ಏರಬಹುದು ಎಂದು ಕೇಂದ್ರವೇ ಹೇಳಿ ಜನರನ್ನು ಬೇಗ ಬೇರೆ ಕಡೆ ಕಳಿಸಲು ಸಲಹೆ ಕೊಟ್ಟಿತು.

ನಿಮ್ಮ ಅಂಗಡಿಯವರ ರಿಪೋರ್ಟಿಗೆ ವಾಪಸ್ ಬರೋಣ. ಅದನ್ನು ಇನ್ನೊಮ್ಮೆ ಕೇಳಿ ಪಡೆಯಿರಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡರೂ ಸಾಕು. ಅದರಲ್ಲಿರುವ ಬೋರ್ಡಿನ ದಪ್ಪ, ಕಂಪನಿ, ಬ್ಯಾಚ್ ನಿಮ್ಮ ಮನೆಗೆ ಬಂದದ್ದೇನಾ ಅಂತ ನೋಡಿ. ಬೇರೆ ಮಾಲಿನ ರಿಪೋರ್ಟ್ ತೋರಿಸುವುದು ಅಪರೂಪವೇನಲ್ಲ. ಆಮೇಲೆ ಪರೀಕ್ಷೆಯ ಹೆಸರು. 'ಪರ್ಫೊರೇಟರ್' ಅಂತಲೋ '100 ಗ್ರಾಂಗೆ 8 ಮಿಲಿಗ್ರಾಂ' ಅಂತಲೋ ಇದ್ದರೆ ಅದು ಗಾಳಿಯ ಪರೀಕ್ಷೆಯೇ ಅಲ್ಲ. ಬೋರ್ಡಿನ ಚೂರನ್ನು ಟಾಲ್ಯೂನ್‌ನಲ್ಲಿ ಕುದಿಸಿ, ಒಳಗೆ ಎಷ್ಟು ಫಾರ್ಮಾಲ್ಡಿಹೈಡ್ ಇದೆ ಅಂತ ತೆಗೆದ ಲೆಕ್ಕ. ಕಾರ್ಖಾನೆಗೆ ದಿನದಿನದ ತಪಾಸಣೆಗೆ ಅದು ಸಾಕು, ನಿಮಗೆ ಸಾಲದು. ಪೇಂಟಿನ ಡಬ್ಬಿ ಮೇಲಿನ 'ಕಡಿಮೆ ವಿಒಸಿ' (ಸುಲಭವಾಗಿ ಆವಿಯಾಗುವ ರಾಸಾಯನಿಕಗಳು ಕಡಿಮೆ) ಅನ್ನುವುದೂ ಸಾಮಾನ್ಯವಾಗಿ ಹೀಗೇ. ಲೀಟರಿಗೆ ಇಷ್ಟು ಗ್ರಾಂ ಒಳಗಿದೆ ಎಂಬ ಮಾತು ಅದು. ಗೋಡೆಗೆ ಬಳಿದ ಮೇಲೆ ಕೋಣೆಗೆ ಎಷ್ಟು ಬಿಡುತ್ತದೆ ಅಂತ ಅಲ್ಲ.

ಮೀಟರ್. ಅಗ್ಗದವುಗಳ ಸೆನ್ಸರ್‌ಗೆ ಫಾರ್ಮಾಲ್ಡಿಹೈಡ್ ಯಾವುದು, ಸ್ಯಾನಿಟೈಸರ್ ಯಾವುದು ಅಂತ ಸರಿಯಾಗಿ ಗೊತ್ತಾಗುವುದಿಲ್ಲ. ಸೆಂಟು ಹೊಡೆದರೂ ಕೆಂಪು, ಒಗ್ಗರಣೆ ಹಾಕಿದರೂ ಕೆಂಪು. ಆದರೆ ಊದುಬತ್ತಿಗೆ ಕೆಂಪಾದದ್ದನ್ನು ಮಾತ್ರ ಪೂರ್ತಿ ಸುಳ್ಳು ಅನ್ನಲಾಗದು. ಹೊಗೆಯಲ್ಲೂ ಫಾರ್ಮಾಲ್ಡಿಹೈಡ್ ಇರುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಸೊಳ್ಳೆ ಬತ್ತಿ 51 ಸಿಗರೇಟಿನಷ್ಟು ಫಾರ್ಮಾಲ್ಡಿಹೈಡ್ ಬಿಟ್ಟದ್ದೂ ಇದೆ. ಮಗಳ ಕೋಣೆಯಲ್ಲಿ ರಾತ್ರಿ ಸೊಳ್ಳೆ ಬತ್ತಿ ಹಚ್ಚುತ್ತೀರಾ? ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ, ಸೊಳ್ಳೆ ಪರದೆ ಕಟ್ಟಿ.

ನಿಜವಾದ ಅಂಕಿ ಬೇಕಾದರೆ ಕೋಣೆಯ ಗಾಳಿಯನ್ನೇ ಲ್ಯಾಬ್‌ಗೆ ಕೊಡಬೇಕು. ಬೆಂಗಳೂರಿನ ಲ್ಯಾಬ್‌ಗಳನ್ನು ವಿಚಾರಿಸುವಾಗ, ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್ ಮಾನ್ಯತೆ ಇದೆಯಾ ಅಂತ ಮಾತ್ರ ಕೇಳಿದರೆ ಸಾಲದು. ಮಾನ್ಯತೆಯ ಪಟ್ಟಿಯಲ್ಲಿ 'ಮನೆಯೊಳಗಿನ ಗಾಳಿ, ಫಾರ್ಮಾಲ್ಡಿಹೈಡ್' ಇದೆಯಾ ಅಂತ ಕೇಳಿ. ಪಟ್ಟಿ ಎನ್‌ಎಬಿಎಲ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅವರು ಡಿಎನ್‌ಪಿಎಚ್ ಎಂಬ ರಾಸಾಯನಿಕ ಸವರಿದ ಪುಟ್ಟ ಕಾರ್ಟ್ರಿಡ್ಜ್‌ನಲ್ಲಿ ಗಾಳಿ ಎಳೆದು ಪರೀಕ್ಷಿಸುತ್ತಾರೆ. ಹಿಂದಿನ ರಾತ್ರಿ ಒಮ್ಮೆ ಚೆನ್ನಾಗಿ ಗಾಳಿ ಆಡಿಸಿ, ಆಮೇಲೆ ಕಿಟಕಿ ಬಾಗಿಲು 8 ಗಂಟೆಯಾದರೂ ಮುಚ್ಚಿಟ್ಟು, ಕೋಣೆಯ ಮಧ್ಯೆ ಮನುಷ್ಯರು ಉಸಿರಾಡುವ ಎತ್ತರದಲ್ಲಿ ಗಾಳಿ ತೆಗೆಯಬೇಕು. ಮಾಡಿಸುವುದಾದರೆ ಈ ಮಳೆಯಲ್ಲೇ ಮಾಡಿಸಿ. ಸಂಕ್ರಾಂತಿ ಹೊತ್ತಿಗೆ ಕಿಟಕಿ ತೆರೆದಿಟ್ಟು ಮಾಡಿಸಿದರೆ ಸುಮ್ನೆ ದುಡ್ಡು ದಂಡ.

ಗಿಡ ಇಡಿ ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ನಾಸಾ 1989ರಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿದ ಪ್ರಯೋಗದಿಂದ ಹುಟ್ಟಿದ ಮಾತದು. ಮನೆಯ ಕಿಟಕಿಯಿಂದ ಬರುವ ಗಾಳಿಗೆ ಸಮ ಆಗಬೇಕಾದರೆ ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕಾದೀತು ಎಂದು 2019ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದವರು ಲೆಕ್ಕ ಹಾಕಿದ್ದಾರೆ. ಮನಿ ಪ್ಲಾಂಟ್ ಚಂದಕ್ಕೆ ಇರಲಿ. ಏರ್ ಪ್ಯೂರಿಫೈಯರ್‌ನ ಹೆಪಾ ಫಿಲ್ಟರ್ ಧೂಳು ಹಿಡಿಯುತ್ತದೆ, ಅನಿಲ ಹಿಡಿಯುವುದಿಲ್ಲ. ಮಾಮೂಲಿ ಇದ್ದಿಲ ಫಿಲ್ಟರ್‌ಗೂ ಫಾರ್ಮಾಲ್ಡಿಹೈಡ್ ಅಷ್ಟಾಗಿ ಸಿಗುವುದಿಲ್ಲ.

ಎಲ್ಲವನ್ನೂ ಬೋರ್ಡಿನ ತಲೆಗೆ ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ವಾರ್ಡ್‌ರೋಬ್ ಹಿಂದಿನ ಗೋಡೆಗೆ ಟಾರ್ಚ್ ಬಿಟ್ಟು ನೋಡಿ. ಮಲೆನಾಡಿನಲ್ಲಿ ಮಳೆಗಾಲದ ಮೂಗುರಿ, ಸೀನಿಗೆ ಬೂಷ್ಟೂ ಕಾರಣ ಇರಬಹುದು. ಮಗಳಿಗೆ ಉಬ್ಬಸ ಇದ್ದರೆ ಡಾಕ್ಟರಿಗೆ ತೋರಿಸುವುದನ್ನು ತಡಮಾಡಬೇಡಿ.

ಕಿತ್ತು ಹಾಕಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಹಲಗೆಯ ಮುಖಕ್ಕಿಂತ ಕೊಯ್ದ ಅಂಚಿನಿಂದ ಅನಿಲ ಜಾಸ್ತಿ ಬರುತ್ತದೆ. ಕಾರ್ಪೆಂಟರ್‌ನ ಕರೆಸಿ ಬೋಳು ಅಂಚುಗಳಿಗೆಲ್ಲಾ ಎಡ್ಜ್ ಪಟ್ಟಿ ಹಾಕಿಸಿ, ಕೀಲು, ಸ್ಕ್ರೂಗೆ ಕೊರೆದು ಬಿಟ್ಟ ತೂತುಗಳನ್ನು ಮುಚ್ಚಿಸಿ, ಕೈಗೆ ಸಿಗುವ ಬೋಳು ಮುಖಗಳಿಗೆ ಮೈಕಾ ಅಂಟಿಸಿ. ಮಂಚದ ಒಳಭಾಗ ಮರೆಯಬೇಡಿ, ಮಗಳ ಮೂಗಿಗೆ ಹತ್ತಿರ ಇರುವುದು ಅದೇ. ಬಾತ್‌ರೂಮಿಗೆ ಹಾಕುವಂಥ ಒಂದು ಎಕ್ಸಾಸ್ಟ್ ಫ್ಯಾನ್ ಆ ಕೋಣೆಗೂ ಹಾಕಿಸಿ. ಹೊರಗೆ ಮಳೆಯ ಗಾಳಿ ತೇವದ್ದೇ ಆದರೂ ಒಳಗಿನ ಅನಿಲವನ್ನು ಹೊರಗೆ ಹಾಕುತ್ತದೆ. ಹೊಸ ಅಂಟಿನ ವಾಸನೆ ಹೋಗುವವರೆಗೆ ಮಗಳನ್ನು ಬೇರೆ ಕೋಣೆಯಲ್ಲಿ ಮಲಗಿಸಿ. ಇಷ್ಟಾದ ಮೇಲೂ ಲ್ಯಾಬ್ ಅಂಕಿ 0.1 ದಾಟಿದರೆ, ಮೊದಲು ತೆಗೆಸಬೇಕಾದದ್ದು ಮಂಚ.