ಆ ಹುಡುಗ ತಪ್ಪು ತಿಳಿಯಲಿ ಬಿಡಿ

ಮಸ್ಕಿ ಕಡೆಯ ಓದುಗರೊಬ್ಬರು ಎರಡು ಹಾಳೆ ತುಂಬ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ಕಥೆಯನ್ನು ಹೋದ ತಿಂಗಳು ವಾಪಸ್ ಕಳಿಸಿದ್ದೆವು. ಜೊತೆಗೆ ನಾನೇ ಒಂದು ಸಾಲು ಬರೆದಿದ್ದೆ: “ಕಥೆ ಹೇಳುವ ಹುಡುಗ ಬೆಳೆದಿಲ್ಲ.” ಅದು ಅವರಿಗೆ ನೋವಾಗಿದೆ. “ಸರ್, ಎಂಟು ವರ್ಷದವನಿದ್ದಾಗ ಅಪ್ಪ, ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದವನು ನಾನೇ. ಕಥೆಯಲ್ಲಿ ಒಂದಕ್ಷರ ಸುಳ್ಳಿಲ್ಲ. ಸ್ವಂತ ಅನುಭವಕ್ಕಿಂತ ಜಾಸ್ತಿ ಇನ್ನೇನು ಬೇಕು? ನಿರೂಪಕ ಬೆಳೆಯಬೇಕು ಅಂದರೆ ಕೊನೆಗೆ ಅವನೊಂದು ಪಾಠ ಕಲಿಯಬೇಕಾ?” ಎಂದು ಕೇಳಿದ್ದಾರೆ.

ಆತ್ಮೀಯರೆ,

ಮೊದಲು ಕ್ಷಮೆ ಇರಲಿ. ಅಷ್ಟು ದೊಡ್ಡ ಮಾತನ್ನು ಒಂದೇ ಸಾಲಿನಲ್ಲಿ ಬರೆದು ಕಳಿಸಿದ್ದು ನನ್ನ ತಪ್ಪು. ಈ ಸಲ ಬಿಡಿಸಿ ಬರೆಯುತ್ತೇನೆ.

ನಿಮ್ಮ ಅನುಭವದ ಬಗ್ಗೆ ನನಗೆ ಅನುಮಾನವೇ ಇಲ್ಲ. ಮಳೆ ಕೈಕೊಟ್ಟ ವರ್ಷ ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಸಾಲು ಸಾಲು ಮನೆಗೆ ಬೀಗ ಬೀಳುವುದನ್ನು ನಾನೂ ನೋಡಿದ್ದೇನೆ. ಕಟ್ಟೆಯ ಮೇಲೆ ಮುದುಕರಷ್ಟೇ ಉಳಿದಿರುತ್ತಾರೆ. ನಿಮ್ಮ ಕಥೆಯಲ್ಲಿ ರಾತ್ರಿ ಬಸ್ಸಿಗೆ ಹೊರಡುವ ಮುಂಚೆ ಅಜ್ಜಿ ಬುತ್ತಿ ಕೊಡುವ ಜಾಗ ಇದೆಯಲ್ಲ, ಅದನ್ನು ಎರಡು ಸಲ ಓದಿದೆ. ಹಳೆ ಸೀರೆಯ ತುಂಡು. ಒಳಗೆ ಖಡಕ್ ರೊಟ್ಟಿ, ಪಕ್ಕದಲ್ಲಿ ಶೇಂಗಾ ಚಟ್ನಿಯ ಪೊಟ್ಟಣ. ಅಜ್ಜಿ ಬಸ್ಸಿನ ತನಕ ಬರುವುದಿಲ್ಲ. ಬಾಗಿಲಲ್ಲೇ ನಿಲ್ಲುತ್ತಾಳೆ.

ಅದರ ಮುಂದಿನ ಸಾಲು ಹೀಗಿದೆ: “ನಾವು ಹೋಗುವುದನ್ನು ನೋಡಲಾರದೆ ಅಜ್ಜಿ ಬಾಗಿಲಲ್ಲೇ ನಿಂತಳು. ಬಡತನ ಅಂದರೇನು ಎಂದು ಅವತ್ತು ನನಗೆ ತಿಳಿಯಿತು.”

ಅವತ್ತೇ ತಿಳಿಯಿತಾ? ಎಂಟು ವರ್ಷಕ್ಕೆ? ನಿಮ್ಮ ಪತ್ರ ಬೇರೆಯದನ್ನೇ ಹೇಳುತ್ತದೆ. “ಅಜ್ಜಿ ಬಸ್ಸು ಹತ್ತಿಸಲಿಕ್ಕೆ ಬರಲಿಲ್ಲ ಅಂತ ಎಷ್ಟೋ ದಿನ ಸಿಟ್ಟಿತ್ತು. ಫೋನ್ ಕೊಟ್ಟರೆ ಮಾತಾಡುತ್ತಿರಲಿಲ್ಲ” ಎಂದು ಬರೆದಿದ್ದೀರಿ. ಈ ಸಿಟ್ಟು ಕಥೆಯಲ್ಲಿ ಎಲ್ಲೂ ಇಲ್ಲ. ಒಂದಕ್ಷರ ಸುಳ್ಳಿಲ್ಲ ಅಂದಿರಿ, ನಿಜ. ಆದರೆ ಒಂದು ನಿಜ ಬಿಟ್ಟುಹೋಗಿದೆ. ಕಥೆಗೆ ಬೇಕಾಗಿದ್ದು ಅದೇ.

ಬಸ್ ಹತ್ತುವಾಗಲೇ ಎಲ್ಲ ತಿಳಿದುಕೊಂಡ ಹುಡುಗ ಆಮೇಲೆ ಎಲ್ಲಿಗೆ ಹೋಗಬೇಕು ಹೇಳಿ. ತಗಡಿನ ಶೆಡ್ಡು ಬರುತ್ತದೆ, ಅರ್ಧಕ್ಕೆ ಬಿಟ್ಟ ಶಾಲೆ ಬರುತ್ತದೆ, ಅಪ್ಪನ ಕಾಲಿಗೆ ಪೆಟ್ಟಾಗುತ್ತದೆ. ಹುಡುಗನ ಕಣ್ಣು ಮಾತ್ರ ಮೊದಲ ಪುಟದಲ್ಲಿ ಇದ್ದ ಹಾಗೇ ಇದೆ. “ನಾನು” ಅಂತ ಬರೆಯುವ ಕಥೆಯಲ್ಲಿ ಇಬ್ಬರು ಇರುತ್ತಾರೆ. ಒಬ್ಬ ಅವತ್ತು ಅನುಭವಿಸಿದವನು, ಇನ್ನೊಬ್ಬ ಇವತ್ತು ಕೂತು ಹೇಳುವವನು. ನೀವು ಇವತ್ತಿನವನ ತಿಳುವಳಿಕೆಯನ್ನು ತೆಗೆದು ಅವತ್ತಿನವನ ಬಾಯಿಗೆ ಹಾಕಿಬಿಟ್ಟಿದ್ದೀರಿ. ಇಬ್ಬರ ನಡುವೆ ಇದ್ದ ದಾರಿ ಮುಚ್ಚಿಹೋಯಿತು.

ಚಾರ್ಲ್ಸ್ ಡಿಕನ್ಸ್ 1860–61ರಲ್ಲಿ ವಾರ ವಾರ ಬರೆದ ಕಾದಂಬರಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’. ಅದರ ಪಿಪ್ ಹಳ್ಳಿಯ ಅನಾಥ ಹುಡುಗ. ಅವನನ್ನು ಸಾಕಿದವನು ಅಕ್ಕನ ಗಂಡ, ಕಮ್ಮಾರ ಜೋ. ಪಿಪ್‌ಗೆ ದುಡ್ಡು ಬರುತ್ತದೆ, ಲಂಡನ್ ಸೇರುತ್ತಾನೆ. ಒಂದು ದಿನ ಜೋ ನೋಡಲು ಬರುತ್ತಾನೆ. ತನ್ನ ಟೋಪಿಯನ್ನು ಅಗ್ಗಿಷ್ಟಿಕೆಯ ಮೇಲಿನ ಕಟ್ಟೆಯ ತುದಿಗೆ ಇಡುತ್ತಾನೆ. ಅದು ಮತ್ತೆ ಮತ್ತೆ ಬೀಳುತ್ತದೆ, ಪಾಪ, ಅವನು ಮತ್ತೆ ಮತ್ತೆ ಹಿಡಿಯುತ್ತಾನೆ. ಪಿಪ್‌ಗೆ ಮೈಯೆಲ್ಲ ಮುಜುಗರ. ಈ ಮುಜುಗರವನ್ನು ಅವನು ಬಚ್ಚಿಡುವುದಿಲ್ಲ. ಅಲ್ಲೇ, ದೊಡ್ಡವನಾದ ಪಿಪ್ ಒಂದು ಮಾತು ಸೇರಿಸುತ್ತಾನೆ: ತಪ್ಪೆಲ್ಲ ನನ್ನದೇ, ನಾನು ಸಲೀಸಾಗಿ ಇದ್ದಿದ್ದರೆ ಜೋ ಕೂಡ ಸಲೀಸಾಗಿ ಇರುತ್ತಿದ್ದ, ಅದು ಅವತ್ತು ನನಗೆ ತಿಳಿಯಲಿಲ್ಲ. ಸಣ್ಣ ಪಿಪ್, ದೊಡ್ಡ ಪಿಪ್ ಇಬ್ಬರೂ ಆ ಒಂದೇ ಕೋಣೆಯಲ್ಲಿ ಇದ್ದಾರೆ. ಸಣ್ಣವನ ನಾಚಿಕೆಯನ್ನು ಒರೆಸಿದ್ದರೆ ದೊಡ್ಡವನ ಮಾತಿಗೆ ಬೆಲೆ ಎಲ್ಲಿರುತ್ತಿತ್ತು?

ಇದನ್ನು ನಾನು ಸುಮ್ನೆ ಓದಿ ಹೇಳುತ್ತಿಲ್ಲ. ನನ್ನಪ್ಪ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುತ್ತಿದ್ದ. 75 ಕಿಲೋದ ಭತ್ತದ ಚೀಲ. ಸಂಜೆ ಮನೆಗೆ ಬಂದರೆ ಕಣ್ಣಿನ ರೆಪ್ಪೆಯ ಮೇಲೂ ತೌಡಿನ ಪುಡಿ. ಇಪ್ಪತ್ತೆರಡನೇ ವಯಸ್ಸಿನಲ್ಲಿ ನಾನು ಅಪ್ಪನ ಮೇಲೆ ಒಂದು ಕಥೆ ಬರೆದೆ. ಅದರಲ್ಲಿ ಮಗನಿಗೆ ಅಪ್ಪನ ಬೆವರು ಕಂಡರೆ ಮೊದಲಿಂದ ಕೊನೆ ತನಕ ಹೆಮ್ಮೆ. ಎರಡು ಪತ್ರಿಕೆಯಿಂದ ವಾಪಸ್ ಬಂತು.

ನಡೆದಿದ್ದೇ ಬೇರೆ. ಪಿಯುಸಿ ಓದುವಾಗ ಕಾಲೇಜಿನ ಮುಂದೆ ಗೆಳೆಯರ ಜೊತೆ ನಿಂತಿದ್ದೆ. ಅಪ್ಪ ಸೈಕಲ್ ಮೇಲೆ ಬಂದ, ಮೈತುಂಬ ತೌಡು. “ತಮ್ಮಾ” ಅಂದ. ನಾನು ಬಗ್ಗಿ ಚಪ್ಪಲಿಯ ಬಾರು ಸರಿ ಮಾಡಿಕೊಂಡೆ. ಅಪ್ಪ ಒಂದು ಕಾಲು ನೆಲಕ್ಕೆ ಊರಿ ಸ್ವಲ್ಪ ಹೊತ್ತು ನಿಂತ, ಆಮೇಲೆ ಹೋದ. ಇದನ್ನು ಬರೆಯಲು ನನಗೆ ನಲವತ್ತು ತುಂಬಬೇಕಾಯಿತು. ಅಷ್ಟರಲ್ಲಿ ಅಪ್ಪ ಇರಲಿಲ್ಲ. ನೆಲಕ್ಕೆ ಊರಿದ ಆ ಕಾಲನ್ನು ಅವತ್ತೂ ನನ್ನ ಕಣ್ಣು ಕಂಡಿತ್ತು. ಅದು ನನಗಾಗಿ ಕಾದ ಕಾಲು ಅಂತ ಅರ್ಥವಾಗಲು, ನಾನು ಕರೆದರೆ ನನ್ನ ಮಗ ತಿರುಗಿ ನೋಡದ ಒಂದು ದಿನ ಬರಬೇಕಾಯಿತು. ಹೊಸ ಕಥೆಯಲ್ಲಿ “ಪಶ್ಚಾತ್ತಾಪ” ಅನ್ನುವ ಪದವನ್ನೇ ನಾನು ಬಳಸಲಿಲ್ಲ. ಚಪ್ಪಲಿ, ಸೈಕಲ್, ಆ ಕಾಲು ಇಷ್ಟೇ ಇಟ್ಟೆ.

ನಿಮ್ಮ ಪಾಠದ ಪ್ರಶ್ನೆಗೆ ನನ್ನ ಉತ್ತರ ಅದೇ. ಬೆಳೆದೆ ಅಂತ ನಿರೂಪಕ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೊದಲು ಕಂಡರೂ ಲೆಕ್ಕಕ್ಕೆ ಬಾರದ್ದು ಈಗ ಅವನ ಲೆಕ್ಕಕ್ಕೆ ಬಂದಿದ್ದರೆ ಓದುವವರಿಗೆ ತಾನಾಗಿ ಗೊತ್ತಾಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿರುತ್ತೀರಿ ಅಲ್ವಾ? ಅಲ್ಲಿ ಕಥೆ ಹೇಳುವವರಿಗೆ ಮಂದಣ್ಣ ಮೊದಮೊದಲು ಯಾವ ಲೆಕ್ಕಕ್ಕೂ ಇಲ್ಲದ ಹಳ್ಳಿ ಹುಡುಗ. ಕರ್ವಾಲೊ ಅಂಥ ದೊಡ್ಡ ವಿಜ್ಞಾನಿ ಇವನನ್ನು ಯಾಕೆ ಇಷ್ಟು ಹಚ್ಚಿಕೊಂಡಿದ್ದಾರೆ ಅಂತ ಅವರಿಗೇ ಅಚ್ಚರಿ. ಕಾಡು ಸುತ್ತುತ್ತಾ ಸುತ್ತುತ್ತಾ ಆ ನೋಟ ಬದಲಾಗುತ್ತದೆ. ಭಾಷಣ ಇಲ್ಲ. ನಿರೂಪಕ ಕೊನೆ ತನಕ ಬದಲಾಗದ ಒಳ್ಳೆಯ ಕಥೆಗಳೂ ಇವೆ. ಅವನಿಗೆ ಕಾಣದ್ದು ಅಲ್ಲಿ ಓದುವವರಿಗೆ ಕಾಣುತ್ತಿರುತ್ತದೆ. ನಿಮ್ಮ ಕಥೆ ಆ ಜಾತಿಯದಲ್ಲ.

ಇನ್ನೊಂದು ಉದಾಹರಣೆ ನಿಮ್ಮ ಊರಿನಲ್ಲೇ ಇದೆ. ಕಥೆಯಲ್ಲ, ಆದರೂ ಹೇಳಬೇಕು ಅನ್ನಿಸಿತು. ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನ, 1915ರಲ್ಲಿ ಸಿಕ್ಕಿದ್ದು. ಶಾಸನಗಳಲ್ಲಿ ಬರುವ “ದೇವಾನಾಂಪ್ರಿಯ” ಎಂಬ ಬಿರುದಿನ ಅರಸ ಅಶೋಕನೇ ಎಂದು ಖಚಿತವಾಗಿದ್ದು ಆ ಬಂಡೆಯಿಂದ. ಅದೇ ಶಾಸನ ಇಲ್ಲಿ ಕೊಪ್ಪಳದ ಗವಿಮಠದ ಬೆಟ್ಟದ ಮೇಲೂ ಇದೆ. ಅದರಲ್ಲಿ ಅರಸ “ನಾನು” ಎಂದೇ ಮಾತಾಡುತ್ತಾನೆ. ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು ಅನ್ನುತ್ತಾನೆ. ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ ಅನ್ನುತ್ತಾನೆ. ಭಿಕ್ಷುಗಳ ಸಂಘದ ಬಳಿ ಹೋಗಿ ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮ ಪಡುತ್ತಿದ್ದೇನೆ ಅನ್ನುತ್ತಾನೆ. ಅಷ್ಟು ದೊಡ್ಡ ರಾಜ, ಕಲ್ಲಿನ ಮೇಲೆ ಕೆತ್ತಿಸುವ ಮಾತು. ಆ ಸಡಿಲಾದ ಒಂದು ವರ್ಷವನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ನನಗೆ ಅವನ ಮೇಲೆ ನಂಬಿಕೆ ಬರುವುದು ಆ ಸಾಲಿನಲ್ಲೇ.

ಈಗ ನಿಮ್ಮ ಕಥೆಗೆ ಬರುತ್ತೇನೆ. “ಅವತ್ತು ನನಗೆ ತಿಳಿಯಿತು” ಸಾಲನ್ನು ಹೊಡೆದು ಹಾಕಿ. ಹುಡುಗ ಸಿಟ್ಟಾಗಲಿ. ಅಜ್ಜಿಗೆ ತನ್ನ ಮೇಲೆ ಪ್ರೀತಿ ಇಲ್ಲ ಅಂತ ತಪ್ಪು ತಿಳಿಯಲಿ ಬಿಡಿ. ಫೋನ್ ಬೇಡ ಅನ್ನಲಿ. ಬೇಕಾದರೆ ಆ ರೊಟ್ಟಿ ಮುಟ್ಟದೆ ಕೂರಲಿ.

ಇನ್ನೊಂದು ಸಣ್ಣ ವಿಷಯ ನನ್ನನ್ನು ಬಹಳ ಕಾಡಿತು. ಪತ್ರದಲ್ಲಿ “ಅವ್ವ” ಅಂತ ಬರೆದಿದ್ದೀರಿ. ಕಥೆಯ ಹುಡುಗ ಮೊದಲ ಸಾಲಿನಿಂದ “ಅಮ್ಮ” ಅನ್ನುತ್ತಾನೆ. ಅವ್ವ ಅಮ್ಮ ಆಗಿದ್ದು ಯಾವಾಗ? ಬೆಂಗಳೂರಿನ ಶಾಲೆಯಲ್ಲಿ ಯಾರಾದರೂ ನಕ್ಕರಾ? ಮೊದಲ ಸಲ “ಅಮ್ಮ” ಅಂದಾಗ ನಿಮ್ಮ ಅವ್ವ ಏನು ಮಾಡಿದರು? ಇದಕ್ಕೆ ಒಂದು ಪುಟ ಕೊಡಿ. ಬಡತನದ ಬಗ್ಗೆ ನೀವು ಬರೆದ ಎರಡು ಪುಟಕ್ಕಿಂತ ಜಾಸ್ತಿ ಈ ಒಂದು ಪುಟ ಮಾತಾಡುತ್ತದೆ.

ಅಜ್ಜಿಯ ವಿಷಯ ಕೇಳಲೇಬೇಕು. ನೀವು ಊರಿಗೆ ವಾಪಸ್ ಬಂದಾಗ ಆಕೆ ಇದ್ದರಾ? ಕಥೆಯಲ್ಲೂ ಇಲ್ಲ, ಪತ್ರದಲ್ಲೂ ಇಲ್ಲ. ಬುತ್ತಿಯಲ್ಲಿ ಎಷ್ಟು ರೊಟ್ಟಿ ಇದ್ದವು ಎನ್ನುವುದೂ ಇಲ್ಲ. ಮನೆಯಲ್ಲಿದ್ದ ಜೋಳದ ಹಿಟ್ಟೆಲ್ಲ ತಟ್ಟಿ ಕಟ್ಟಿಕೊಟ್ಟಿದ್ದರೆ, ಮರುದಿನ ಆಕೆ ಏನು ಉಂಡರು? ಅವ್ವನನ್ನು ಕೇಳಿ ನೋಡಿ, ಅವರಿಗೆ ನೆನಪಿರಬಹುದು. ಯುಗಾದಿ ಸಂಚಿಕೆಗೆ ಇನ್ನೂ ಸಮಯ ಇದೆ. ನಿಮ್ಮ ಕಥೆಗೆ ಜಾಗ ಇಟ್ಟು ಕಾಯುತ್ತಿರುತ್ತೇನೆ.

– ಸಂಪಾದಕ, ಕೊಪ್ಪಳ