ಅಮೆರಿಕದಲ್ಲಿ ಕಾಲೇಜ್ ಸ್ಟೂಡೆಂಟ್ ಅಫೇರ್ಸ್ ಮಾಸ್ಟರ್ಸ್‌ಗೆ ಅಪ್ಲೈ ಮಾಡೋವಾಗ ಏನ್ ನೋಡ್ಬೇಕು?

ಸೀಟಿಗಿಂತ ಅಸಿಸ್ಟೆಂಟ್‌ಶಿಪ್ ಕಡೆ ಜಾಸ್ತಿ ಗಮನ ಕೊಡಿ. ಕಾಲೇಜ್ ಸ್ಟೂಡೆಂಟ್ಸ್‌ನ ಕ್ಲಾಸ್ ಹೊರಗಿನ ಬದುಕು, ಕಷ್ಟಸುಖ ನೋಡ್ಕೊಳ್ಳೋ ಕೆಲಸ ಕಲಿಸೋ ಈ ಕೋರ್ಸಲ್ಲಿ ತುಂಬಾ ಜನ ಓದ್ತಾ ಓದ್ತಾನೇ ಹಾಸ್ಟೆಲ್, ಅಡ್ವೈಸಿಂಗ್, ಓರಿಯೆಂಟೇಶನ್ ಥರದ ಆಫೀಸಲ್ಲಿ ವಾರಕ್ಕೆ 20 ಗಂಟೆವರೆಗೂ ಕೆಲಸ ಮಾಡ್ತಾರೆ, ಎಷ್ಟೋ ಕಡೆ ಅದಕ್ಕೆ ಸ್ಟೈಪೆಂಡ್ ಕೊಟ್ಟು ಫೀಸೂ ಪೂರ್ತಿನೋ ಸ್ವಲ್ಪನೋ ಬಿಡ್ತಾರೆ, ಆದ್ರೆ ಅದಕ್ಕೆ ಹೆಚ್ಚಾಗಿ ಬೇರೆನೇ ಅಪ್ಲಿಕೇಶನ್, ಬೇರೆನೇ ಇಂಟರ್‌ವ್ಯೂ ಇರುತ್ತೆ, ಅಡ್ಮಿಶನ್ ಬಂತಲ್ಲಾ ಅಂತ ಸುಮ್ನೆ ಕೂತ್ರೆ ಕೈ ತಪ್ಪೋಗುತ್ತೆ. ಕೋರ್ಸ್‌ಗೆ ಅಪ್ಲೈ ಮಾಡೋ ಡೆಡ್‌ಲೈನ್ ಸುಮಾರು ಕಡೆ ಡಿಸೆಂಬರ್-ಜನವರಿ.

ಎಸ್‌ಒಪಿಲಿ, ಅಂದ್ರೆ ಈ ಕೋರ್ಸ್ ಯಾಕೆ ಬೇಕು ಅಂತ ಅಪ್ಲಿಕೇಶನ್ ಜೊತೆ ಬರೆಯೋ ಪತ್ರದಲ್ಲಿ, ‘ನಂಗೆ ಸೇವೆ ಇಷ್ಟ’ ಅಂತ ಬರೀಬೇಡಿ ದಯವಿಟ್ಟು. ಮನೆ ನೆನೆಸ್ಕೊಂಡು ಮೆಸ್ಸಿಗೇ ಬರದೆ ಕೂತಿದ್ದ ಜೂನಿಯರ್ ಒಬ್ಬನ ಜೊತೆ ನೀವು ಹಾಸ್ಟೆಲಲ್ಲಿ ಮಾತಾಡಿದ್ರೆ, ಅವತ್ತು ಏನ್ ಕೇಳಿದ್ರಿ, ಏನ್ ಮಾಡಿದ್ರಿ ಅಂತ ಅದನ್ನೇ ಬರೀರಿ.

ಇನ್ನೊಂದು, ಇದು ಸ್ಟೆಮ್ (ಸೈನ್ಸ್, ಟೆಕ್ನಾಲಜಿ, ಇಂಜಿನಿಯರಿಂಗ್, ಮ್ಯಾಥ್ಸ್) ಕೋರ್ಸ್ ಅಲ್ಲ, ಹಾಗಾಗಿ ಎಫ್-1 ಅನ್ನೋ ಸ್ಟೂಡೆಂಟ್ ವೀಸಾದವರಿಗೆ ಓಪಿಟಿ, ಅಂದ್ರೆ ಓದಿಗೆ ಸಂಬಂಧಪಟ್ಟ ಕೆಲಸ ಅಲ್ಲೇ ಮಾಡೋಕೆ ಸಿಗೋ ಪರ್ಮಿಶನ್, 12 ತಿಂಗಳು ಮಾತ್ರ, ಲೋನ್ ತಗೊಳ್ಳೋ ಮುಂಚೆನೇ ಈ ಲೆಕ್ಕ ಹಾಕ್ಕೊಳ್ಳಿ.