ಮೂರನೇ ದಿನವೂ ರೋಗಾಣು ಕಂಡರೆ ಮದ್ದು ಸೋತಂತೆಯೇ?

ಪ್ರಶ್ನೆ: ನಮ್ಮ ನಾಲ್ಕು ವರ್ಷದ ಮಗನಿಗೆ ಫಾಲ್ಸಿಪಾರಂ ಎಂಬ ಬಗೆಯ ಮಲೇರಿಯಾ ಬಂದು, ಫಿಟ್ಸ್ ಆಗಿ ಐಸಿಯುಗೆ ಸೇರಿಸಿದ್ದೆವು. ಆರ್ಟೆಸುನೇಟ್ ಇಂಜೆಕ್ಷನ್ ಕೊಟ್ಟರು. ಮೂರನೇ ದಿನದ ಸ್ಮಿಯರ್‌ನಲ್ಲೂ (ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಸ್ವಲ್ಪ ರೋಗಾಣು ಇತ್ತು. ಈಗ ಜ್ವರ ಇಲ್ಲ, ಆಡುತ್ತಿದ್ದಾನೆ. ಆದರೆ ಎರಡು ವಾರ ಕಳೆದ ಮೇಲೆ ಸಮಾಧಾನಕ್ಕೆಂದು ಮಾಡಿಸಿದ ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದಿದೆ. ಇದು ಮದ್ದು ನಾಟದ ಮಲೇರಿಯಾವೇ? — ಒಬ್ಬ ತಾಯಿ, ಸುರತ್ಕಲ್

ಉತ್ತರ: ಮೊದಲು ಕಾರ್ಡಿನ ವಿಷಯ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಫಾಲ್ಸಿಪಾರಂ ಪತ್ತೆಗೆ ಬಳಸುವ ಹೆಚ್ಚಿನ ಕಾರ್ಡ್‌ಗಳು ರೋಗಾಣುವನ್ನು ಹುಡುಕುವುದಿಲ್ಲ. ಅದು ಬಿಟ್ಟುಹೋದ ಹೆಚ್‌ಆರ್‌ಪಿ-2 ಎಂಬ ಪ್ರೋಟೀನನ್ನು ಹುಡುಕುತ್ತವೆ. ರೋಗಾಣು ಪೂರ್ತಿ ಸತ್ತ ಮೇಲೂ ಆ ಪ್ರೋಟೀನ್ ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಗುಣವಾಯಿತಾ ಎಂದು ನೋಡಲು ಕಾರ್ಡ್ ಮಾಡಿಸಬೇಡಿ. ಸ್ಮಿಯರ್ ಮಾಡಿಸಿ. ಅದರ ರಿಪೋರ್ಟಿನಲ್ಲಿ ಬರೀ ಗ್ಯಾಮೆಟೋಸೈಟ್ ಎಂದಿದ್ದರೆ ಅದಕ್ಕೂ ಹೆದರಬೇಡಿ. ಅದು ಸೊಳ್ಳೆಗೆ ದಾಟುವ ಹಂತ, ಮಗುವಿಗೆ ಜ್ವರ ತರುವುದಲ್ಲ. ಅದಕ್ಕೆ ಪ್ರಿಮಾಕ್ವಿನ್ ಎಂಬ ಮದ್ದು ಇದೆ.

ಇನ್ನು ಮೂರನೇ ದಿನದ ಸ್ಮಿಯರ್. ಒಂದೇ ರಿಪೋರ್ಟ್ ಹಿಡಿದು ಮದ್ದು ಸೋತಿದೆ ಎನ್ನಲು ಆಗುವುದಿಲ್ಲ. ಶುರುವಿನಲ್ಲಿ ಎಷ್ಟಿತ್ತು ಎನ್ನುವುದೇ ಮುಖ್ಯ. ತೀವ್ರ ಮಲೇರಿಯಾದಲ್ಲಿ ರೋಗಾಣು ಲಕ್ಷಗಟ್ಟಲೆ ಇರಬಹುದು, ಅಷ್ಟು ಖಾಲಿಯಾಗಲು ಸಮಯ ಬೇಕು ಅಲ್ವಾ? ಅದಕ್ಕೇ ಪ್ಲಸ್ ಗುರುತು ಹಾಕಿದ ರಿಪೋರ್ಟ್ ಸಾಲದು, ಎಣಿಸಿ ಬರೆದ ಸಂಖ್ಯೆ ಬೇಕು. ದಿನಕ್ಕೆರಡು ಬಾರಿ ಎಣಿಸಿದರೆ ಇಳಿಯುವ ವೇಗ ಗೊತ್ತಾಗುತ್ತದೆ. ರೋಗಾಣುಗಳ ಸಂಖ್ಯೆ ಅರ್ಧಕ್ಕೆ ಇಳಿಯಲು 5 ಗಂಟೆಗಿಂತ ಜಾಸ್ತಿ ಹಿಡಿದರೆ ಅನುಮಾನ ಬರುತ್ತದೆ. ಎಷ್ಟು ಸಲ ಮಗುವಿಗೆ ಸೂಜಿ ಚುಚ್ಚುವುದು ಎಂದು ಮನೆಯವರು ಬೇಸರ ಮಾಡಿಕೊಳ್ಳುತ್ತಾರೆ, ಅದು ಅರ್ಥವಾಗುತ್ತದೆ. ಆದರೂ ಬೇಡ ಎನ್ನಬೇಡಿ. ಮದ್ದು ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ಆ ಹನಿ ರಕ್ತ ಬೇಕೇ ಬೇಕು.

ಪ್ರಶ್ನೆ: ಆಫ್ರಿಕಾದ ಮಕ್ಕಳಲ್ಲಿ ಆರ್ಟೆಸುನೇಟ್ ನಿಧಾನವಾಗಿದೆ ಎಂದು ಓದಿದೆ. ನಿಜವೇ? ಕರಾವಳಿಯವರು ಹೆದರಬೇಕೇ? — ಓದುಗರು, ಮಲ್ಪೆ

ಉತ್ತರ: ನಿಜ. ಉಗಾಂಡಾದ ಜಿಂಜಾದಲ್ಲಿ ತೀವ್ರ ಮಲೇರಿಯಾದ 100 ಮಕ್ಕಳನ್ನು ಗಮನಿಸಿದಾಗ 11 ಮಕ್ಕಳಲ್ಲಿ ರೋಗಾಣು ನಿಧಾನವಾಗಿ ಇಳಿಯಿತು. ವರದಿ ಬಂದದ್ದು 2024ರಲ್ಲಿ. ಇದನ್ನು ಭಾಗಶಃ ಪ್ರತಿರೋಧ ಎನ್ನುತ್ತಾರೆ. ಮದ್ದು ಕೆಲಸ ಮಾಡುತ್ತದೆ, ಆದರೆ ತಡವಾಗಿ.

ಆ ತಡವೇ ನನ್ನ ಚಿಂತೆ. ಆರ್ಟೆಸುನೇಟ್ ಹಳೆಯ ಮದ್ದಾದ ಕ್ವಿನೈನ್‌ಗಿಂತ ಮೇಲು ಅನಿಸಿಕೊಂಡದ್ದೇ ವೇಗದಿಂದ. ಉಂಗುರದ ಆಕಾರದ ಎಳೆಯ ರೋಗಾಣು ಬೆಳೆದು ಮೆದುಳಿನ ಸಣ್ಣ ರಕ್ತನಾಳಗಳಿಗೆ ಅಂಟಿಕೊಳ್ಳುವ ಮೊದಲೇ ಅದನ್ನು ಕೊಲ್ಲುತ್ತದೆ. 2010ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಆಫ್ರಿಕಾದ 5,425 ಮಕ್ಕಳಿದ್ದರು. ಕ್ವಿನೈನ್ ಪಡೆದವರಲ್ಲಿ ಶೇ. 10.9 ಮಕ್ಕಳು ತೀರಿಕೊಂಡರೆ, ಆರ್ಟೆಸುನೇಟ್ ಪಡೆದವರಲ್ಲಿ ಶೇ. 8.5. ಕೆಲ್ಚ್-13 ಎಂಬ ತನ್ನ ಜೀನ್ ಬದಲಾದ ರೋಗಾಣು ಆರ್ಟೆಸುನೇಟ್‌ನಿಂದ ತಪ್ಪಿಸಿಕೊಳ್ಳುವುದು ಅದೇ ಉಂಗುರದ ಹಂತದಲ್ಲಿ. ಮದ್ದಿನ ಮೇಲೆ ಕಣ್ಣಿಡುವ ಮಾಮೂಲಿ ಅಧ್ಯಯನಗಳು ಸಾಧಾರಣ ಮಲೇರಿಯಾದವರನ್ನು ಮಾತ್ರ ಸೇರಿಸಿಕೊಂಡು 28 ಅಥವಾ 42 ದಿನ ಗಮನಿಸುತ್ತವೆ, ಐಸಿಯುನಲ್ಲಿರುವ ಮಗುವನ್ನು ಹೊರಗಿಡುತ್ತವೆ. ಇದು ಬದಲಾಗಲೇಬೇಕು. ಫಿಲ್ಟರ್ ಕಾಗದದ ಮೇಲೆ ಎರಡು ಹನಿ ರಕ್ತ ಒಣಗಿಸಿಟ್ಟರೂ ಆಮೇಲೆ ಜೀನ್ ಪರೀಕ್ಷೆ ಮಾಡಬಹುದು.

ನಮ್ಮಲ್ಲಿ ಕಣ್ಣಿಟ್ಟದ್ದರಿಂದ ಪ್ರಯೋಜನ ಆಗಿದೆ. ಈಶಾನ್ಯ ರಾಜ್ಯಗಳಲ್ಲಿ ಆರ್ಟೆಸುನೇಟ್ ಜೊತೆ ಕೊಡುತ್ತಿದ್ದ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಸೋಲುತ್ತಿದೆ ಎಂದು ಗೊತ್ತಾಗಿ, 2013ರಲ್ಲಿ ಅಲ್ಲಿಯ ಮದ್ದನ್ನೇ ಬದಲಿಸಿದರು. ಮಂಗಳೂರಿನಲ್ಲಿ ಹೆಚ್ಚಿರುವುದು ವೈವಾಕ್ಸ್ ಎಂಬ ಇನ್ನೊಂದು ಬಗೆಯ ಮಲೇರಿಯಾ, ಆದರೆ ಫಾಲ್ಸಿಪಾರಂ ಇಲ್ಲದೆ ಇಲ್ಲ. ವೈವಾಕ್ಸ್ ತೀವ್ರವಾದರೂ ಆರ್ಟೆಸುನೇಟೇ ಬೇಕು. ಸುಮ್ನೆ ಹೆದರಬೇಡಿ. ಮಗು ಇತ್ತೀಚೆಗೆ ಯಾವ ಊರಿಗೆ ಹೋಗಿತ್ತು ಎನ್ನುವುದನ್ನು ಮಾತ್ರ ಡಾಕ್ಟರಿಗೆ ಮರೆಯದೆ ಹೇಳಿ.

ಪ್ರಶ್ನೆ: ಇಂಜೆಕ್ಷನ್ ಆದ ಮೇಲೂ ಮಾತ್ರೆ ಯಾಕೆ? ಮಗು ಉಗುಳುತ್ತದೆ. — ಒಬ್ಬ ತಂದೆ, ಕಾಪು

ಉತ್ತರ: ಇಂಜೆಕ್ಷನ್ ರಕ್ತದಲ್ಲಿ ಕೆಲವೇ ಗಂಟೆ ಇರುತ್ತದೆ. ಉಳಿದ ರೋಗಾಣು ತೊಲಗಬೇಕಾದರೆ ಜೋಡಿ ಮದ್ದಿನ (ಎರಡು ಮದ್ದು ಸೇರಿದ ಮಾತ್ರೆ) ಮೂರು ದಿನದ ಕೋರ್ಸ್ ಮುಗಿಯಲೇಬೇಕು. ಅರ್ಧಕ್ಕೆ ಬಿಟ್ಟು ಜ್ವರ ಮರುಕಳಿಸಿದರೆ ಅದು ಮದ್ದಿನ ಸೋಲಲ್ಲ, ಆದರೆ ಲೆಕ್ಕದಲ್ಲಿ ಹಾಗೆ ಕಾಣುತ್ತದೆ. ಜೋಡಿ ಮದ್ದಾಗಿ ಆರ್ಟೆಮೀಥರ್-ಲುಮೆಫ್ಯಾಂಟ್ರಿನ್ ಬರೆದಿದ್ದರೆ ಹಾಲು ಅಥವಾ ತುಪ್ಪ ಹಾಕಿದ ಗಂಜಿಯ ಜೊತೆ ಕೊಡಿ, ಕೊಬ್ಬಿಲ್ಲದೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕೊಟ್ಟ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಡಾಕ್ಟರಿಗೆ ಫೋನ್ ಮಾಡಿ, ಮತ್ತೆ ಕೊಡಬೇಕಾಗಬಹುದು.

ಆರ್ಟೆಸುನೇಟ್ ಆದ ಮೇಲೆ ಒಂದರಿಂದ ನಾಲ್ಕು ವಾರದೊಳಗೆ ಕೆಲವು ಮಕ್ಕಳಲ್ಲಿ ಕೆಂಪು ರಕ್ತಕಣ ಒಡೆಯುವುದುಂಟು. ಮಗು ಬಿಳಿಚಿಕೊಂಡರೆ, ತುಂಬಾ ಸುಸ್ತಾದರೆ, ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಏನೂ ಆಗದಿದ್ದರೂ ವಾರಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ.